ತಾತನ ಕಾಲದ 6 ಎಚ್‌ಪಿ ಡೀಸೆಲ್ ಜನರೇಟರ್: ಸ್ಟಾರ್ಟ್ ಮಾಡುವ ಮುಂಚೆ ಏನೇನು ನೋಡಬೇಕು?

ಗೋಣಿಬೀಡು ತೋಟ:
ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ತಾಲೂಕಿನಲ್ಲಿ ಸಣ್ಣ ಕಾಫಿ ತೋಟ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ ಪಕ್ಕದ ಶೆಡ್ಡಿನಲ್ಲಿ ತಾತ ತಂದ ಡೀಸೆಲ್ ಜನರೇಟರ್ ಇದೆ. ಒಂದೇ ಸಿಲಿಂಡರ್, ಎರಡು ದೊಡ್ಡ ಫ್ಲೈವೀಲ್, ಹ್ಯಾಂಡಲ್ ಹಾಕಿ ತಿರುಗಿಸುವ ಎಂಜಿನ್. ಪ್ಲೇಟ್ ಅರ್ಧ ತುಕ್ಕು ಹಿಡಿದಿದೆ. 6 ಎಚ್‌ಪಿ, 650 ಆರ್‌ಪಿಎಂ ಅನ್ನೋದು ಮಾತ್ರ ಓದಲಿಕ್ಕೆ ಬರುತ್ತದೆ. ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಬೇರೆ, ಪಟ್ಟಾದಲ್ಲಿ ಓಡುತ್ತಿತ್ತು. ಅದರ ಪ್ಲೇಟಿನಲ್ಲಿ 5 ಕೆವಿಎ, 230 ವೋಲ್ಟ್, 1500 ಆರ್‌ಪಿಎಂ ಎಂದಿದೆ. ಬಹಳ ವರ್ಷದಿಂದ ಯಾರೂ ಮುಟ್ಟಿಲ್ಲ. ಫ್ಲೈವೀಲ್ ಹಿಡಿದು ಎಳೆದರೆ ಒಂದಿಷ್ಟು ಅಲ್ಲಾಡಿ ನಿಲ್ಲುತ್ತದೆ.

ಗುಜರಿಯವರು ಆಗಲೇ ಎರಡು ಸಲ ಬಂದು ಕೇಳಿದ್ದಾರೆ. ನನಗೆ ಕೊಡಲು ಮನಸ್ಸಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ನಮ್ಮ ಕಡೆ ಬರುವುದು ತಡ. ಮನೆಯ ದೀಪ, ಫ್ರಿಜ್, 1 ಎಚ್‌ಪಿ ನೀರಿನ ಮೋಟಾರ್ ಇಷ್ಟು ನಡೆದರೆ ಸಾಕು. ಎಲ್ಲಿಂದ ಶುರು ಮಾಡಲಿ?

ಸಕಲೇಶಪುರ ರೋಬಸ್ಟಾ:
ಅಣ್ಣ, ತುಂಬಾ ಯೋಚನೆ ಬೇಡ. ಹೊಸ ಡೀಸೆಲ್ ಹಾಕಿ, ಆಯಿಲ್ ಬದಲಿಸಿ, ಟ್ರ್ಯಾಕ್ಟರ್ ಪುಲ್ಲಿಗೆ ಪಟ್ಟಾ ಕೊಟ್ಟು ತಿರುಗಿಸಿ. ಹಳೇ ಎಂಜಿನ್‌ಗಳು ಗಟ್ಟಿ. ಹಿಡಿದಿದ್ದು ತಾನೇ ಬಿಡುತ್ತದೆ. ನಮ್ಮ ಕಡೆ ಹಾಗೇ ಮಾಡುತ್ತಾರೆ.

ಹಾಸನ ಹಳೇ ಮೆಕ್ಯಾನಿಕ್:
ದಯವಿಟ್ಟು ಟ್ರ್ಯಾಕ್ಟರ್ ಕಟ್ಟಬೇಡಿ. ನಾನು ಇಂಥ ಎಂಜಿನ್‌ಗಳನ್ನೇ ಬಿಚ್ಚಿ ಜೋಡಿಸಿ ವಯಸ್ಸಾದವನು, ಅದಕ್ಕೇ ಜೋರಾಗಿ ಹೇಳುತ್ತಿದ್ದೇನೆ. ಪಿಸ್ಟನ್ ಸುತ್ತಲಿನ ರಿಂಗ್ ತುಕ್ಕು ಹಿಡಿದು ಸಿಲಿಂಡರಿನ ಒಳಗೋಡೆಗೆ, ಅಂದರೆ ಲೈನರ್‌ಗೆ ಅಂಟಿಕೊಂಡಿದ್ದರೆ, ಟ್ರ್ಯಾಕ್ಟರ್ ಎಳೆತಕ್ಕೆ ರಿಂಗ್ ಮುರಿಯುತ್ತದೆ, ಲೈನರ್ ಗೀರುತ್ತದೆ, ಕನೆಕ್ಟಿಂಗ್ ರಾಡ್ ಬಾಗಿದರೂ ಬಾಗಬಹುದು. ಎಂಜಿನ್ ಸ್ಟಾರ್ಟ್ ಆಗಿಬಿಟ್ಟರೆ ಇನ್ನೂ ಕಷ್ಟ. ಫ್ಯುಯೆಲ್ ಪಂಪಿನಲ್ಲಿ ಡೀಸೆಲ್ ಹೆಚ್ಚು ಕಡಿಮೆ ಮಾಡುವ ಸರಳು, ಅಂದರೆ ರ್‍ಯಾಕ್ ಜಿಗುಟು ಹಿಡಿದು ಪೂರ್ತಿ ತೆರೆದ ಕಡೆ ನಿಂತಿದ್ದರೆ ಸ್ಪೀಡ್ ಹಿಡಿದಿಡುವ ಗವರ್ನರ್ ಮಾತು ಅದು ಕೇಳುವುದಿಲ್ಲ. ಎಂಜಿನ್ ಸ್ಪೀಡ್ ಏರುತ್ತಲೇ ಹೋಗುತ್ತದೆ. ಎರಕದ ಕಬ್ಬಿಣದ ಆ ಫ್ಲೈವೀಲ್ 650ಕ್ಕೆ ಮಾಡಿದ್ದು. ಸ್ಪೀಡ್ ಎರಡರಷ್ಟಾದರೆ ಅದನ್ನು ಒಡೆಯುವ ಬಲ ನಾಲ್ಕರಷ್ಟಾಗುತ್ತದೆ. ಒಡೆದ ಚೂರು ಶೆಡ್ಡಿನ ಗೋಡೆಯಲ್ಲಿ ನಿಲ್ಲುವುದಿಲ್ಲ.

ಅದಕ್ಕೆ ಗೋಣಿಬೀಡಿನವರೇ, ಮೊದಲು ಅದನ್ನು ನಿಲ್ಲಿಸುವ ದಾರಿ ಸರಿ ಮಾಡಿ. ಸ್ಟಾರ್ಟ್ ಮಾಡುವುದು ಕೊನೆಯ ಕೆಲಸ. ಪಂಪಿನ ಬಾಗಿಲು ತೆಗೆದು ರ್‍ಯಾಕನ್ನು ಬೆರಳಲ್ಲಿ ತಳ್ಳಿ ನೋಡಿ. ಎರಡೂ ಕಡೆ ಸಲೀಸಾಗಿ ಜಾರಬೇಕು. ಬಿಟ್ಟ ತಕ್ಷಣ ಗವರ್ನರ್ ಸ್ಪ್ರಿಂಗ್ ಅದನ್ನು ತನ್ನ ಕಡೆ ಎಳೆದುಕೊಳ್ಳಬೇಕು. ಸ್ಟಾಪ್ ಲಿವರ್ ಎಳೆದರೆ ರ್‍ಯಾಕ್ ಪೂರ್ತಿ ಮುಚ್ಚಬೇಕು. ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್ ಎಕ್ಸಾಸ್ಟ್ ವಾಲ್ವನ್ನು ನಿಜವಾಗಿ ಎತ್ತುತ್ತದಾ ನೋಡಿ. ಇಷ್ಟರ ಮೇಲೂ ಏರ್ ಫಿಲ್ಟರ್ ತೆಗೆದು, ಗಾಳಿ ಎಳೆಯುವ ಬಾಯಿಯನ್ನು ಪೂರ್ತಿ ಮುಚ್ಚುವಂಥ ಮರದ ಹಲಗೆ ಒಂದನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಡೀಸೆಲ್ ಎಂಜಿನ್‌ಗೆ ಗಾಳಿ ನಿಂತರೆ ಅದು ನಿಲ್ಲಲೇಬೇಕು. ಅಂಗೈಯಿಂದ ಮುಚ್ಚುವ ಸಾಹಸ ಮಾತ್ರ ಬೇಡ.

ಸಕಲೇಶಪುರ ರೋಬಸ್ಟಾ:
ಸರಿ ಸರ್, ರ್‍ಯಾಕ್ ವಿಷಯ ಒಪ್ಪಿದೆ. ಅದನ್ನು ಯಾರೂ ನೋಡುವುದಿಲ್ಲ ನಮ್ಮ ಕಡೆ. ಆದರೂ ಒಂದು ಪ್ರಶ್ನೆ. ಇಷ್ಟೆಲ್ಲ ಖರ್ಚು ಮಾಡುವ ಬದಲು ಹೊಸ ಸಣ್ಣ ಸೆಟ್ ತರಬಹುದು ಅಲ್ವಾ?

ಆಲ್ದೂರು ಅರೇಬಿಕಾ:
ನಮ್ಮನೆಯಲ್ಲಿ ಎರಡೂ ಇವೆ, ಹಾಗಾಗಿ ಹೇಳುತ್ತೇನೆ. ಹೊಸ ಸಣ್ಣ ಸೆಟ್ ಹಗುರ, ಸದ್ದು ಕಡಿಮೆ, ಬಟನ್ ಒತ್ತಿದರೆ ಆಯಿತು. 3000 ಆರ್‌ಪಿಎಂನಲ್ಲಿ ಓಡುವ ಪುಟ್ಟ ಎಂಜಿನ್ ರಾತ್ರಿಯಿಡೀ ಕೆಲಸ ಮಾಡಿದರೆ ಬೇಗ ಸವೆಯುತ್ತದೆ. 650ರಲ್ಲಿ ನಿಧಾನ ಓಡುವ ಎಂಜಿನ್ ಆ ಕೆಲಸಕ್ಕೇ ಹುಟ್ಟಿದ್ದು. ಅದರ ಪ್ರತಿ ಭಾಗವನ್ನೂ ಸ್ಪ್ಯಾನರ್ ಹಿಡಿದು ಬಿಚ್ಚಬಹುದು, ಲೇತ್ ಅಂಗಡಿಯಲ್ಲಿ ಬುಷ್ ಮಾಡಿಸಬಹುದು. ಇಂಗ್ಲೆಂಡಿನ ಡರ್ಸ್ಲಿ ಊರಿನ ಲಿಸ್ಟರ್ ಕಂಪನಿ 1930ರ ಸುಮಾರಿಗೆ ತಂದ ಮಾದರಿ ಅದು. ಆಮೇಲೆ ರಾಜಕೋಟ್ ಕಡೆ ಅದೇ ಮಾದರಿಯ ಎಂಜಿನ್‌ಗಳು ಬಹಳ ಬಂದವು. ಹಾಗಾಗಿ ರಿಂಗ್, ಲೈನರ್, ಡೀಸೆಲ್ ಚಿಮ್ಮಿಸುವ ನಾಝಲ್ ಈಗಲೂ ಸಿಗುತ್ತವೆ. ನೀವು ಗುಜರಿಗೆ ಕೊಡದೆ ಇದ್ದದ್ದು ಒಳ್ಳೆಯದಾಯಿತು.

ಗೋಣಿಬೀಡು ತೋಟ:
ಸರ್ ಹೇಳಿದ ಹಾಗೆ ನೋಡಿದೆ. ರ್‍ಯಾಕ್ ಕದಲಲೇ ಇಲ್ಲ! ನಿಂತಿರುವುದು ತೆರೆದ ಕಡೆ. ಅಕ್ಕಾ, ನೀವು ಹೇಳಿದ ಮಾದರಿಯೇ ಇರಬೇಕು, ಸಿಲಿಂಡರ್ ಒಳಗಿನ ಅಗಲ ಅಳೆದರೆ ನಾಲ್ಕೂವರೆ ಇಂಚು ಬಂತು. ಹೆಡ್ ತೆಗೆದಿದ್ದೇನೆ. ಲೈನರ್ ಒಳಗೆ ತುಕ್ಕಿನ ಒಂದು ಉಂಗುರ ಕಾಣುತ್ತದೆ.

ಹಾಸನ ಹಳೇ ಮೆಕ್ಯಾನಿಕ್:
ನೋಡಿದಿರಾ. ಆ ಸ್ಥಿತಿಯಲ್ಲಿ ಟ್ರ್ಯಾಕ್ಟರ್ ಕಟ್ಟಿದ್ದರೆ ಏನಾಗುತ್ತಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ಪಂಪನ್ನು ಬಿಚ್ಚಿ ನಾಝಲ್ ಜೊತೆಗೇ ಡೀಸೆಲ್ ಪಂಪ್ ಅಂಗಡಿಗೆ ಕೊಡಿ. ಪಂಪಿನ ಒಳಗಿನ ಪ್ಲಂಜರ್ (ದಂಡ) ಮತ್ತು ಬ್ಯಾರಲ್ (ಅದು ಓಡಾಡುವ ಕೊಳವೆ) ಜೋಡಿ. ಒಂದರದ್ದು ಇನ್ನೊಂದಕ್ಕೆ ಹಾಕುವ ಹಾಗಿಲ್ಲ. ಉಪ್ಪು ಕಾಗದದಲ್ಲಿ ಉಜ್ಜಲೂಬೇಡಿ, ನಡುವಿನ ಜಾಗ ಒಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗ. ನಾಝಲನ್ನು ಟೆಸ್ಟರ್ ಮೇಲೆ ಹಾಕಿಸಿ. ಮಂಜಿನ ಹಾಗೆ ಸಣ್ಣಗೆ ಚಿಮ್ಮಬೇಕು, ತುದಿಯಲ್ಲಿ ಹನಿ ನಿಲ್ಲಬಾರದು, ಒತ್ತುವಾಗ ಕರ್ ಅಂತ ಸದ್ದು ಬರಬೇಕು. ಟೆಸ್ಟ್ ಮಾಡುವಾಗ ಆ ಚಿಮ್ಮುಗೆಯ ಮುಂದೆ ಬೆರಳು ಇಡಬಾರದು. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣಬಹುದು, ಒಳಗೆ ಮಾಂಸ ಕೊಳೆಯುತ್ತದೆ. ಹಾಗಾದರೆ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಲೈನರ್‌ಗೆ ಸೀಮೆಎಣ್ಣೆ ಮತ್ತು ಗೇರ್ ಆಯಿಲ್ ಬೆರೆಸಿ ಪಿಸ್ಟನ್ ಮೇಲೆ ಹಾಕಿ ಬಿಡಿ. ಅವಸರ ಬೇಡ. ಫ್ಲೈವೀಲನ್ನು ದಿನಾ ಸ್ವಲ್ಪ ಹಿಂದೆ ಮುಂದೆ ಆಡಿಸಿ. ಹೊಡೆಯುವುದೇ ಆದರೆ ಮರದ ತುಂಡು ಇಟ್ಟು ಮೆಲ್ಲಗೆ. ಪಿಸ್ಟನ್ ಹೊರಗೆ ಬಂದ ಮೇಲೆ ಲೈನರ್ ಅಳೆಸಿ. ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆಯಬೇಕು. ಸವೆತ ಜಾಸ್ತಿ ಆಗುವುದು ಮೇಲಿನ ರಿಂಗ್ ನಿಲ್ಲುವ ಜಾಗದಲ್ಲಿ. ಹೊಸ ರಿಂಗನ್ನು ಲೈನರ್ ಒಳಗೆ ಇಟ್ಟು ಅದರ ಎರಡು ತುದಿಗಳ ನಡುವಿನ ಅಂತರ ನೋಡಿ. ನಿಮ್ಮ ಅಳತೆಗೆ ಸುಮಾರು 0.45 ಮಿಲಿಮೀಟರ್ ಇದ್ದರೆ ಸರಿ. ಅಂತರವೇ ಇಲ್ಲದಿದ್ದರೆ ಬಿಸಿಗೆ ರಿಂಗ್ ಹಿಗ್ಗಿ ಕಚ್ಚಿಕೊಳ್ಳುತ್ತದೆ.

ಇನ್ನೊಂದು ಮಾತು. ಎಂಜಿನ್ ತಳದ ಆಯಿಲ್ ಇರುವ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸ್ ಒಳಗೆ ಕೈ ಹಾಕಿ ಮೂಲೆ ಮೂಲೆ ಸವರಿ. ಈ ಮಾದರಿಯ ಕೆಲವು ಎಂಜಿನ್‌ಗಳಲ್ಲಿ ಎರಕ ಹೊಯ್ದ ಮರಳು ಒಳಗೇ ಅಂಟಿಕೊಂಡಿರುತ್ತದೆ. ಇದರಲ್ಲಿ ಆಯಿಲ್ ಎರಚಿಕೊಂಡೇ ಬೇರಿಂಗ್‌ಗೆ ಹೋಗುವುದು. ಮರಳು ಅದರ ಜೊತೆ ಹೋದರೆ ಹೊಸ ಬೇರಿಂಗ್ ಉಳಿಯುವುದಿಲ್ಲ. ಪೂರ್ತಿ ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ. ದಾರದ ವೇಸ್ಟ್ ಬೇಡ, ನೂಲು ಉಳಿಯುತ್ತದೆ.

ಆಲ್ದೂರು ಅರೇಬಿಕಾ:
ತೊಳೆದ ಆಯಿಲನ್ನು ದಯವಿಟ್ಟು ಹಳ್ಳಕ್ಕೆ ಬಿಡಬೇಡಿ. ಡಬ್ಬಿಯಲ್ಲಿ ಹಿಡಿದು, ಹಳೇ ಆಯಿಲ್ ತೆಗೆದುಕೊಳ್ಳುವವರಿಗೆ ಕೊಡಿ. ಹೇಮಾವತಿ ಹುಟ್ಟುವುದೇ ನಿಮ್ಮ ತಾಲೂಕಿನಲ್ಲಿ. ನಿಮ್ಮ ಕಡೆಯ ಹಳ್ಳದಲ್ಲಿ ಹೋದದ್ದು ಗೊರೂರು ಅಣೆಕಟ್ಟೆಯ ತನಕ ಹೋಗುತ್ತದೆ. ಹಾಗೇ ಸೈಲೆನ್ಸರ್ ಪೈಪಿಗೆ ಸುತ್ತಿದ ಹಳೇ ಬಿಳಿ ಹಗ್ಗ, ಹಳೇ ಗ್ಯಾಸ್ಕೆಟ್ ಇವು ಕಲ್ನಾರಿನವು ಇರಬಹುದು. ಒಣಗಿದ್ದನ್ನು ಕೆರೆಯಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ನೀರು ಚಿಮುಕಿಸಿ, ಒದ್ದೆ ಇರುವಾಗಲೇ ತೆಗೆದು ಕವರಿನಲ್ಲಿ ಕಟ್ಟಿಡಿ.

ಬೇಲೂರು ವೈಂಡಿಂಗ್:
ಎಲ್ಲರೂ ಎಂಜಿನ್ ಕಡೆಯೇ ಇದ್ದೀರಿ. ಆಲ್ಟರ್ನೇಟರ್ ಬಗ್ಗೆ ನಾನು ಹೇಳುತ್ತೇನೆ. ಮಲೆನಾಡಿನ ಶೆಡ್ಡಿನಲ್ಲಿ ಇಷ್ಟು ಮಳೆಗಾಲ ಕಳೆದ ವೈಂಡಿಂಗ್ ಒದ್ದೆ ಇದ್ದೇ ಇರುತ್ತದೆ. ಹಾಗೇ ಓಡಿಸಿದರೆ ಮೊದಲ ದಿನವೇ ಸುಟ್ಟು ಹೋಗುತ್ತದೆ. ಆಮೇಲೆ ವೈಂಡಿಂಗ್ ಹಳೆಯದು ಅಂತ ಬೈದು ಪ್ರಯೋಜನ ಇಲ್ಲ.

ಮೊದಲು ಸೈಡ್ ಕವರ್ ತೆಗೆದು ಇಲಿ ಗೂಡು, ಕಣಜದ ಮಣ್ಣು ಎಲ್ಲ ತೆಗೆಯಿರಿ. ಬ್ರಷ್ ಮೇಲೆ ಎತ್ತಿ. ರೆಕ್ಟಿಫೈಯರ್ ಡಯೋಡ್ ತಂತಿಗಳನ್ನು ಗುರುತು ಮಾಡಿ ಬಿಚ್ಚಿ, ಇಲ್ಲದಿದ್ದರೆ ಇನ್ಸುಲೇಷನ್ ಅಳೆಯುವ ಮೀಟರ್, ಅಂದರೆ ಮೆಗ್ಗರ್ ವೋಲ್ಟೇಜಿಗೆ ಅವು ಹೋಗುತ್ತವೆ. ಆಮೇಲೆ 500 ವೋಲ್ಟ್ ಮೆಗ್ಗರ್ ಹಾಕಿ. ಸ್ಟೇಟರ್ (ನಿಂತೇ ಇರುವ ವೈಂಡಿಂಗ್) ಮತ್ತು ಬಾಡಿ ನಡುವೆ ಒಂದು, ರೋಟರ್ (ತಿರುಗುವ ವೈಂಡಿಂಗ್) ಮತ್ತು ಶಾಫ್ಟ್ ನಡುವೆ ಇನ್ನೊಂದು. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಓಡಿಸುವ ಮಾತೇ ಬೇಡ. ಟೆಸ್ಟ್ ಆದ ಮೇಲೆ ವೈಂಡಿಂಗನ್ನು ಬಾಡಿಗೆ ಮುಟ್ಟಿಸಿ ಡಿಸ್‌ಚಾರ್ಜ್ ಮಾಡಲು ಮರೆಯಬೇಡಿ.

ಗೋಣಿಬೀಡು ತೋಟ:
ಮೆಗ್ಗರ್ ಹಾಕಿಸಿದೆ. ಸ್ಟೇಟರ್ 0.3, ರೋಟರ್ 2. ಇದು ರೀವೈಂಡಿಂಗ್‌ಗೆ ಹೋಗಬೇಕಾ ಅಣ್ಣ?

ಬೇಲೂರು ವೈಂಡಿಂಗ್:
ಈಗಲೇ ಬೇಡ. 0.3 ಅಂದರೆ ಬಹಳ ಸಲ ಬರೀ ತೇವ. ಕವರ್ ಒಳಗೆ 60 ವ್ಯಾಟಿನ ಹಳೇ ಮಾದರಿಯ ಬಲ್ಬ್ ಎರಡು ಇಡಿ. ಎಲ್‌ಇಡಿ ಅಲ್ಲ, ನಮಗೆ ಬೇಕಾದದ್ದು ಬಿಸಿ. ಬಲ್ಬ್ ಎಲ್ಲೂ ವೈಂಡಿಂಗ್‌ಗೆ ತಾಗಬಾರದು. ಮೇಲೆ ಗೋಣಿಚೀಲ ಹೊದಿಸಬೇಡಿ, ಬೆಂಕಿ ಹತ್ತುತ್ತದೆ. ತಗಡು ಮುಚ್ಚಿ, ಮೇಲೊಂದು ಸಂದಿ ಬಿಡಿ. ತೇವ ಹೊರಗೆ ಹೋಗಲು ದಾರಿ ಬೇಕು. ಕಾಫಿ ಒಣಗಿಸಿದ ಹಾಗೆಯೇ, ಒಮ್ಮೆಲೇ ಬಿಸಿ ಕೊಟ್ಟರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ.

ಮೊದಲು ರೀಡಿಂಗ್ ಇನ್ನೂ ಇಳಿಯಬಹುದು. ಹೆದರಬೇಡಿ. ತೇವ ಒಳಗಿನಿಂದ ಹೊರಗೆ ಬರುವಾಗ ಹಾಗಾಗುತ್ತದೆ. ಬಿಸಿ ವೈಂಡಿಂಗ್ ಕೂಡ ಕಡಿಮೆ ತೋರಿಸುತ್ತದೆ, ಸುಮಾರು 10 ಡಿಗ್ರಿ ಏರಿದರೆ ಅರ್ಧಕ್ಕೆ ಬರುತ್ತದೆ. ಆಮೇಲೆ ಮೇಲೇರಿ ಒಂದೇ ಕಡೆ ನಿಲ್ಲುತ್ತದೆ. ತಣ್ಣಗಾದ ಮೇಲೆ ಅಳೆದದ್ದೇ ಲೆಕ್ಕ. ಒಣಗಿದ ಮೇಲೆ ವಾರ್ನಿಷ್ ಹೊಡೆಸಿ. ಅದಕ್ಕಿಂತ ಮುಂಚೆ ವಾರ್ನಿಷ್ ಹೊಡೆದರೆ ತೇವವನ್ನು ಒಳಗೇ ಕೂಡಿಹಾಕಿದ ಹಾಗಾಗುತ್ತದೆ.

ಪಾಲಿಟೆಕ್ನಿಕ್ ಮೇಷ್ಟ್ರು:
ಚೆನ್ನಾಗಿ ನಡೆಯುತ್ತಿದೆ ಚರ್ಚೆ. ನಾನು ಲೆಕ್ಕದ ಕಡೆ ಸ್ವಲ್ಪ ಹೇಳುತ್ತೇನೆ. ಆಲ್ಟರ್ನೇಟರ್ ಪ್ಲೇಟಿನಲ್ಲಿ 5 ಕೆವಿಎ ಇದೆ ಎಂದು 5 ಸಿಗುತ್ತದೆ ಅಂದುಕೊಳ್ಳಬೇಡಿ. ಎಂಜಿನ್ 6 ಎಚ್‌ಪಿ, ಅಂದರೆ ಸುಮಾರು 4.5 ಕಿಲೋವ್ಯಾಟ್. ನಮ್ಮ ಕಡೆ ಎತ್ತರ ಸಾವಿರ ಮೀಟರಿನ ಆಸುಪಾಸು. ಗಾಳಿ ತೆಳು, ಟರ್ಬೊ ಇಲ್ಲದ ಎಂಜಿನ್‌ಗೆ ನೂರು ಮೀಟರಿಗೆ ಹೆಚ್ಚುಕಡಿಮೆ ನೂರಕ್ಕೆ ಒಂದರಷ್ಟು ಶಕ್ತಿ ಕಡಿಮೆಯಾಗುತ್ತದೆ. ಪಟ್ಟಾದಲ್ಲಿ ಸ್ವಲ್ಪ, ಆಲ್ಟರ್ನೇಟರಿನಲ್ಲಿ ಐದರಲ್ಲಿ ಒಂದು ಭಾಗ ಹೋಗುತ್ತದೆ. ಕೊನೆಗೆ ಕೈಗೆ ಸಿಗುವುದು 3 ಕಿಲೋವ್ಯಾಟ್. 230 ವೋಲ್ಟಿನಲ್ಲಿ ಅದು 13 ಆಂಪಿಯರ್. ಕರೆಂಟ್ ಮಿತಿ ಮೀರಿದರೆ ತಾನೇ ಆರುವ ಎಂಸಿಬಿ ಹಾಕುವಾಗ ಎಂಜಿನ್ ಲೆಕ್ಕ ಹಿಡಿಯಿರಿ.

ಪುಲ್ಲಿ ಅಳತೆ ಹೇಳಿ. 50 ಹರ್ಟ್ಜ್ ಬರಬೇಕಾದರೆ ನಾಲ್ಕು ಪೋಲಿನ ಆಲ್ಟರ್ನೇಟರ್ 1500ರಲ್ಲೇ ತಿರುಗಬೇಕು.

ಗೋಣಿಬೀಡು ತೋಟ:
ಪಟ್ಟಾ ಫ್ಲೈವೀಲ್ ಮೇಲೆಯೇ ಓಡುವುದು ಮೇಷ್ಟ್ರೇ. ಅದರ ವ್ಯಾಸ 24 ಇಂಚು. ಆಲ್ಟರ್ನೇಟರ್ ಪುಲ್ಲಿ 10 ಇಂಚು.

ಪಾಲಿಟೆಕ್ನಿಕ್ ಮೇಷ್ಟ್ರು:
650 ಗುಣಿಸು 24, ಭಾಗಿಸು 10. 1560 ಬರುತ್ತದೆ. ಪಟ್ಟಾ ಜಾರುವುದು ನೂರಕ್ಕೆ ಎರಡು ಅಂತ ಕಳೆದರೆ ಸುಮಾರು 1530, ಅಂದರೆ 51 ಹರ್ಟ್ಜ್. ತಾತನವರು ಲೆಕ್ಕ ಹಾಕಿಯೇ ತಂದಿದ್ದಾರೆ. ಪುಲ್ಲಿ ಬದಲಿಸಬೇಡಿ.

ಗೋಣಿಬೀಡು ತೋಟ:
ಸುದ್ದಿ ಕೊಡುತ್ತೇನೆ. ಪಿಸ್ಟನ್ ಬಿಟ್ಟಿತು. ಮೇಲಿನ ರಿಂಗ್ ಎರಡು ಮುರಿದಿದ್ದವು. ಲೈನರ್ ಗುಳಿ ಬಿದ್ದಿತ್ತು, ಹೊಸದು ಹಾಕಿಸಿದೆ. ಹಾಸನದ ಲೇತ್ ಅಂಗಡಿಯಲ್ಲಿ ಹೆಡ್ ಫೇಸಿಂಗ್, ವಾಲ್ವ್ ಸೀಟ್ ಕೆಲಸ ಆಯಿತು. ಪಂಪಿನ ರ್‍ಯಾಕ್ ಈಗ ಬೆರಳು ತಾಗಿಸಿದರೆ ಜಾರುತ್ತದೆ. ಕ್ರ್ಯಾಂಕ್‌ಕೇಸಿನಲ್ಲಿ ಮರಳು ಇತ್ತು ಸರ್, ಒಂದು ಹಿಡಿಯಷ್ಟು! ಸ್ಟೇಟರ್ ಒಣಗಿ 8 ಮೆಗಾಓಮ್ ತೋರಿಸುತ್ತಿದೆ. ಈಗ ಸ್ಟಾರ್ಟ್ ಮಾಡಬಹುದಾ?

ಹಾಸನ ಹಳೇ ಮೆಕ್ಯಾನಿಕ್:
ಬಹಳ ಸಂತೋಷ. ಇನ್ನೂ ಒಂದೆರಡು ಬಾಕಿ ಇದೆ.

ಡಿಕಂಪ್ರೆಷನ್ ಬಿಟ್ಟು ಫ್ಲೈವೀಲನ್ನು ಕೈಯಲ್ಲಿ ಮೆಲ್ಲಗೆ ಕಂಪ್ರೆಷನ್ ಮೇಲೆ ತನ್ನಿ. ಗಟ್ಟಿಯಾಗಿ ಎದುರು ನಿಂತು ಹಿಂದಕ್ಕೆ ತಳ್ಳಬೇಕು. ಸುಸ್ ಅಂತ ಸದ್ದು ಬಂದರೆ ಎಲ್ಲಿಂದ ಅಂತ ಕಿವಿಗೊಡಿ. ಗಾಳಿ ಎಳೆಯುವ ಬಾಯಿಯಲ್ಲಿ ಬಂದರೆ ಇನ್ಲೆಟ್ ವಾಲ್ವ್, ಸೈಲೆನ್ಸರಿನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್, ತಳದ ಪೆಟ್ಟಿಗೆಯ ಗಾಳಿ ಹೋಗುವ ಬ್ರೀದರಿನಲ್ಲಿ ಬಂದರೆ ರಿಂಗ್.

ಟ್ಯಾಂಕ್ ತೊಳೆದು ಹೊಸ ಡೀಸೆಲ್ ಹಾಕಿ. ಫಿಲ್ಟರ್ ಹೊಸದು. ಗಾಳಿ ತೆಗೆಯುವುದು ಟ್ಯಾಂಕ್ ಕಡೆಯಿಂದ ಎಂಜಿನ್ ಕಡೆಗೆ. ಮೊದಲು ಫಿಲ್ಟರ್ ಸ್ಕ್ರೂ, ಆಮೇಲೆ ಪಂಪ್, ಕೊನೆಗೆ ನಾಝಲ್ ಕಡೆಯ ನಟ್ಟು. ಗುಳ್ಳೆ ನಿಲ್ಲುವ ತನಕ ಬಿಡಿ. ಎಂಜಿನ್ ತಣಿಸುವ ಡ್ರಮ್ಮಿನ ನೀರು ಮೇಲಿನ ಪೈಪಿನ ಬಾಯಿ ಮುಳುಗುವಷ್ಟು ಇರಬೇಕು. ಇದರಲ್ಲಿ ನೀರು ಬಿಸಿಯಾಗಿ ತಾನೇ ಮೇಲೇರಿ ಸುತ್ತುವುದು. ಪೈಪಿನ ಬಾಯಿ ನೀರಿನ ಮೇಲೆ ಉಳಿದರೆ ಸುತ್ತು ನಿಲ್ಲುತ್ತದೆ, ಡ್ರಮ್ ತುಂಬಾ ನೀರಿದ್ದರೂ ಹೆಡ್ ಕಾಯುತ್ತದೆ.

ಮೊದಲ ಸ್ಟಾರ್ಟಿಗೆ ಪಟ್ಟಾ ಹಾಕಬೇಡಿ. ಫ್ಲೈವೀಲ್ ಕೀ ಗಟ್ಟಿ ಇದೆಯಾ ನೋಡಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ, ಸುತ್ತಿ ಹಿಡಿಯಬೇಡಿ. ಪಂಚೆ, ಸಡಿಲ ತೋಳು ಬೇಡ. ಫ್ಲೈವೀಲ್ ತಿರುಗುವ ನೇರಕ್ಕೆ ಯಾರನ್ನೂ ನಿಲ್ಲಿಸಬೇಡಿ, ಮಕ್ಕಳನ್ನಂತೂ ಶೆಡ್ಡಿನ ಹತ್ತಿರ ಬಿಡಲೇಬೇಡಿ. ಹಲಗೆ ಹಿಡಿದು ಒಬ್ಬರು ಗಾಳಿ ಬಾಯಿಯ ಪಕ್ಕ ಇರಲಿ. ಸ್ಟಾರ್ಟ್ ಆದ ಕೂಡಲೇ ಒಂದು ಸಲ ಸ್ಟಾಪ್ ಲಿವರ್ ಎಳೆದು ನಿಲ್ಲಿಸಿ ನೋಡಿ. ನಿಂತರೆ ಮಾತ್ರ ಮತ್ತೆ ಸ್ಟಾರ್ಟ್ ಮಾಡಿ. ಹತ್ತು ನಿಮಿಷಕ್ಕೆ ನಿಲ್ಲಿಸಿ ಬೇರಿಂಗ್ ಮೇಲಿನ ಕವರ್ ಮುಟ್ಟಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಮುಂದೆ ಹೋಗಬೇಡಿ.

ಗೋಣಿಬೀಡು ತೋಟ:
ಓಡಿತು!! ಮೊದಲು ಬಿಳಿ ಹೊಗೆ ಬಂತು, ಆಮೇಲೆ ತಿಳಿಯಾಯಿತು. ಸ್ಟಾಪ್ ಎಳೆದ ಕೂಡಲೇ ನಿಂತಿತು. ಅಪ್ಪ ಅಡುಗೆಮನೆಯಿಂದ ಓಡಿ ಬಂದರು, ಆ ಸದ್ದು ಕೇಳಿ ಎಷ್ಟೋ ಕಾಲ ಆಗಿತ್ತಂತೆ. ಲೈನ್ ಮನೆಯವರೆಲ್ಲ ಬಂದು ನೋಡಿದರು, ಫ್ಲೈವೀಲಿಂದ ದೂರವೇ ನಿಲ್ಲಿಸಿದ್ದೆ. ಆದರೆ ಪಟ್ಟಾ ಹಾಕಿ ಓಡಿಸಿದರೆ ವೋಲ್ಟೇಜ್ ಇಲ್ಲ. ಮೀಟರಿನಲ್ಲಿ ಬರೀ 3 ವೋಲ್ಟ್ ತೋರಿಸುತ್ತದೆ.

ಬೇಲೂರು ವೈಂಡಿಂಗ್:
ಅದು ಕೆಟ್ಟಿದ್ದಲ್ಲ. ತಾನೇ ಕರೆಂಟ್ ಹುಟ್ಟಿಸಿಕೊಳ್ಳುವ ಆಲ್ಟರ್ನೇಟರಿಗೆ ರೋಟರ್ ಕಬ್ಬಿಣದಲ್ಲಿ ಉಳಿದ ಅಷ್ಟಿಷ್ಟು ಅಯಸ್ಕಾಂತ ಶಕ್ತಿಯೇ ಶುರು. ಬಹಳ ಕಾಲ ಸುಮ್ನೆ ಬಿದ್ದಿದ್ದರೆ ಅದು ಸಾಲುವುದಿಲ್ಲ. ಮೊದಲು ಸ್ಲಿಪ್ ರಿಂಗ್ ಸಣ್ಣ ಉಪ್ಪು ಕಾಗದದಲ್ಲಿ ಒರೆಸಿ ಬ್ರಷ್ ಸರಿಯಾಗಿ ಕೂತಿದೆಯಾ ನೋಡಿ. ಡಯೋಡ್‌ಗಳನ್ನು ಮಲ್ಟಿಮೀಟರಿನಲ್ಲಿ ನೋಡಿ, ಒಂದು ಕಡೆ ಮಾತ್ರ ಬಿಡಬೇಕು. ಎಲ್ಲ ಸರಿ ಇದ್ದರೆ, ಎಂಜಿನ್ ನಿಲ್ಲಿಸಿ, ರೆಕ್ಟಿಫೈಯರ್ ತಂತಿ ಬಿಚ್ಚಿ, 12 ವೋಲ್ಟ್ ಬ್ಯಾಟರಿಯನ್ನು ಬ್ರಷ್‌ಗಳಿಗೆ ಕೆಲವು ಸೆಕೆಂಡ್ ಕೊಡಿ. ಪ್ಲಸ್ ಇದ್ದ ಕಡೆಗೇ ಪ್ಲಸ್. ಬ್ಯಾಟರಿ ತೆಗೆದ ಮೇಲೆ ತಂತಿ ಮೊದಲಿನ ಹಾಗೆ ಹಾಕಿ ಓಡಿಸಿ.

ಗೋಣಿಬೀಡು ತೋಟ:
ಡಯೋಡ್ ಒಂದು ಹೋಗಿತ್ತು. ಬದಲಿಸಿ, ಬ್ಯಾಟರಿ ಕೊಟ್ಟ ಮೇಲೆ ವೋಲ್ಟೇಜ್ ಎದ್ದು ಬಂತು. ಲೋಡ್ ಟೆಸ್ಟ್ ಮಾಡಿದೆ. ನೀರು ತುಂಬಿದ ಬಕೆಟ್‌ಗಳಲ್ಲಿ 1000 ವ್ಯಾಟಿನ ಕಾಯಿಲ್ ಇಟ್ಟು ಒಂದೊಂದಾಗಿ ಹಾಕಿದೆ. ಖಾಲಿ ಓಡುವಾಗ 242 ವೋಲ್ಟ್, 53 ಹರ್ಟ್ಜ್. ಒಂದು ಕಾಯಿಲಿಗೆ 52, ಎರಡಕ್ಕೆ 51. ಮೂರಕ್ಕೆ 221 ವೋಲ್ಟ್, 49.5 ಹರ್ಟ್ಜ್, ಸ್ವಲ್ಪ ಕಪ್ಪು ಹೊಗೆ. ಒಂದು ಗಂಟೆಗೆ ಡೀಸೆಲ್ ಲೀಟರಿನ ಆಸುಪಾಸು. ನೀರು ಬದಲಿಸುವಾಗ ಪ್ರತಿ ಸಲ ಸ್ವಿಚ್ ಆರಿಸಿ ಪ್ಲಗ್ ತೆಗೆಯುತ್ತಿದ್ದೆ.

ಪಾಲಿಟೆಕ್ನಿಕ್ ಮೇಷ್ಟ್ರು:
ಮೂರನೆಯ ಕಾಯಿಲಿಗೆ ಕಪ್ಪು ಹೊಗೆ ಬಂತು ಅಂದರೆ ಎಂಜಿನ್ ತನ್ನ ಮಿತಿ ಹೇಳಿತು. ಲೆಕ್ಕದಲ್ಲಿ ಬಂದ 3 ಕಿಲೋವ್ಯಾಟೇ ಅದು. ಯಾವಾಗಲೂ ಎರಡು, ಎರಡೂವರೆಯಲ್ಲಿ ಓಡಿಸಿ. ನೀರಿನ ಮೋಟಾರನ್ನು ಮೊದಲು ಹಾಕಿ, ದೀಪ, ಫ್ರಿಜ್ ಆಮೇಲೆ. ಮೋಟಾರ್ ಏಳುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ.

ಹಾಸನ ಹಳೇ ಮೆಕ್ಯಾನಿಕ್:
53ರಿಂದ 49.5 ಆ ಕಾಲದ ಗವರ್ನರಿಗೆ ಪರವಾಗಿಲ್ಲ. ಲಿಂಕ್ ಪಿನ್ನುಗಳು ಸವೆದಿದ್ದರೆ ಬದಲಿಸಿ, ಇನ್ನೂ ಸ್ವಲ್ಪ ಬಿಗಿಯಾಗುತ್ತದೆ. ಎರಡು ಬಲ್ಬಿಗಾಗಿ ರಾತ್ರಿಯಿಡೀ ಓಡಿಸಬೇಡಿ. ಲೋಡ್ ಇಲ್ಲದೆ ಓಡಿದರೆ ಎಂಜಿನ್ ಕಾಯುವುದೇ ಇಲ್ಲ. ಸುಡದ ಡೀಸೆಲ್ ಮಸಿಯಾಗಿ ರಿಂಗ್, ಸೈಲೆನ್ಸರ್ ಎಲ್ಲ ಕಟ್ಟುತ್ತದೆ. ಹೊಸ ರಿಂಗ್ ಲೈನರಿಗೆ ಒಗ್ಗಲಿಕ್ಕೂ ಲೋಡ್ ಬೇಕು.

ಬೇಲೂರು ವೈಂಡಿಂಗ್:
ಮನೆಗೆ ಕೊಡುವ ಮುಂಚೆ ನನ್ನ ಮಾತು ಕೇಳಿ. ಲೈನ್ ಕರೆಂಟ್ ಇಲ್ಲವೇ ಜನರೇಟರ್, ಎರಡರಲ್ಲಿ ಒಂದನ್ನೇ ಮನೆಗೆ ಜೋಡಿಸುವ ಚೇಂಜ್ ಓವರ್ ಸ್ವಿಚ್ ಇಲ್ಲದೆ ಕೊಡಲೇಬಾರದು. ಪ್ಲಗ್ ಪಾಯಿಂಟಿಗೆ ತಂತಿ ಚುಚ್ಚಿ ಮನೆಗೆ ಕರೆಂಟ್ ಕೊಡುವವರನ್ನು ನೋಡಿದ್ದೇನೆ. ಆ ಕರೆಂಟ್ ಮೀಟರ್ ದಾಟಿ ಹಿಂದಕ್ಕೆ ಟ್ರಾನ್ಸ್‌ಫಾರ್ಮರಿಗೆ ಹೋಗಿ ಅಲ್ಲಿ ಹೈಟೆನ್ಷನ್ ಆಗುತ್ತದೆ. ಲೈನ್ ಸತ್ತಿದೆ ಅಂತ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಜೀವ ಹೋಗುತ್ತದೆ. ಎರಡು ಪೋಲಿನ ಸ್ವಿಚ್ ಹಾಕಿಸಿ, ಫೇಸ್ ಜೊತೆ ನ್ಯೂಟ್ರಲ್ ಕೂಡ ಕಡಿಯಬೇಕು. ಜನರೇಟರ್ ಬಾಡಿಗೆ ಬೇರೆ ಬೇರೆ ಎರಡು ಅರ್ಥಿಂಗ್ ಕೊಡಿ. ಆಲ್ಟರ್ನೇಟರಿನ ಒಂದು ತುದಿಯನ್ನು ನ್ಯೂಟ್ರಲ್ ಮಾಡಿ ಅಲ್ಲೇ ಅರ್ಥ್ ಮಾಡಿದರೆ ಮಾತ್ರ, ಕರೆಂಟ್ ಸೋರಿದರೆ ಕಡಿಯುವ ಆರ್‌ಸಿಸಿಬಿ ಕೆಲಸ ಮಾಡುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಆಲ್ದೂರು ಅರೇಬಿಕಾ:
ಹೊಗೆ ಪೈಪನ್ನು ಶೆಡ್ಡಿನಿಂದ ಹೊರಗೆ, ಮಾಡಿನ ಮೇಲಕ್ಕೆ ಒಯ್ಯಿರಿ. ಮಳೆಯ ಇರಚಲಿಗೆ ಬಾಗಿಲು ಮುಚ್ಚಿ ಓಡಿಸಿದರೆ ವಿಷದ ಗಾಳಿ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ನಿದ್ದೆ ಬಂದ ಹಾಗೆ ಆಗುತ್ತದೆ ಅಷ್ಟೆ. ಸದ್ದು ಕಡಿಮೆಯಾಗಲಿ ಅಂತ ಗೋಡೆ ಕಟ್ಟಿ ಮುಚ್ಚುವುದೂ ಬೇಡ.

ಗೋಣಿಬೀಡು ತೋಟ:
ಎಲ್ಲ ಬರೆದುಕೊಂಡೆ. ಮಳೆ ಶುರುವಾದ ಮೇಲೆ ಕರೆಂಟ್ ಹೋಗದೇ ಇದ್ದ ವಾರಗಳಲ್ಲಿ ಹಾಗೇ ಬಿಡಬಹುದಾ?

ಹಾಸನ ಹಳೇ ಮೆಕ್ಯಾನಿಕ್:
ಬಿಡಬೇಡಿ. ತಿಂಗಳಿಗೊಮ್ಮೆಯಾದರೂ ಒಂದು ಗಂಟೆ, ಎರಡು ಕಾಯಿಲ್ ಲೋಡ್ ಕೊಟ್ಟು ಓಡಿಸಿ. ಡೀಸೆಲ್ ಟ್ಯಾಂಕ್ ತುಂಬಿಯೇ ಇರಲಿ. ಅರ್ಧ ಖಾಲಿ ಇದ್ದರೆ ಒಳಗಿನ ಗಾಳಿಯ ತೇವ ನೀರಾಗಿ ತಳ ಸೇರುತ್ತದೆ. ಓಡಿಸುವ ಮುಂಚೆ ತಳದ ಡ್ರೈನ್ ತೆರೆದು ಒಂದು ಲೋಟ ಹಿಡಿದು ನೋಡಿ. ನಿಲ್ಲಿಸಿದ ಮೇಲೆ ಸೈಲೆನ್ಸರ್ ಬಾಯಿಗೆ ಡಬ್ಬಿ ಕವಿಚಿ, ಇಲ್ಲದಿದ್ದರೆ ಮಳೆ ನೀರು ಇಳಿದು ಮತ್ತೆ ಅದೇ ರಿಂಗ್ ಹಿಡಿಯುತ್ತದೆ. ಡಬ್ಬಿಗೆ ದಾರ ಕಟ್ಟಿ ಹ್ಯಾಂಡಲಿಗೆ ಸಿಕ್ಕಿಸಿ. ಹ್ಯಾಂಡಲ್ ತೆಗೆಯುವಾಗ ಡಬ್ಬಿ ನೆನಪಾಗುತ್ತದೆ.

ಬೇಲೂರು ವೈಂಡಿಂಗ್:
ಆಲ್ಟರ್ನೇಟರ್ ಒಳಗೆ ಒಂದು ಬಲ್ಬ್ ಮಳೆಗಾಲ ಪೂರ್ತಿ ಉರಿಯಲಿ. ಓಡಿಸುವಾಗ ತೆಗೆದಿಡಿ. ಚೇಂಜ್ ಓವರ್ ಹಾಕಿಸಿದ ಮೇಲೆ ಫೋಟೋ ಹಾಕಿ, ನ್ಯೂಟ್ರಲ್ ಕಡೆಯ ತಂತಿ ಸರಿಯಾಗಿ ಕಾಣುವ ಹಾಗೆ ತೆಗೆಯಿರಿ.

ಗೋಣಿಬೀಡು ತೋಟ:
ಸರಿ ಅಣ್ಣ. ಭಾನುವಾರ ಎಲೆಕ್ಟ್ರಿಷಿಯನ್ ಬರುತ್ತಾರೆ, ಅವತ್ತೇ ಹಾಕುತ್ತೇನೆ.